ಬಿಳಿ ಮೂಳೆಯ ಕಪ್ಪೆ ಮತ್ತು ನಮ್ಮ ಮದುವೆ

ನಾನು ಮದುವೆಯಾದವಳಲ್ಲ ಎಂಬ ಸುದ್ದಿ ಬಂದಾಗ ಪುರಸಭೆ ಅಧ್ಯಕ್ಷರ ಪಂಚೆಯನ್ನು ಹಿಂಡುತ್ತಿದ್ದೆ. ಸುದ್ದಿ ತಂದವಳು ಪಕ್ಕದ ಮನೆಯ ಜುಬೇದಾ. ಅವಳು ಬಾಗಿಲು ತಳ್ಳಿಕೊಂಡು ಬಂದ ರಭಸಕ್ಕೆ ಬೀದಿಯಲ್ಲಿದ್ದ ಮೋಡವೂ ಅವಳ ಬೆನ್ನಿಗೇ ಒಳಗೆ ನುಗ್ಗಿ, ಬೆಳಗಿನಿಂದ ಒಣಗಿಸಿಟ್ಟಿದ್ದ ಬಟ್ಟೆಗಳ ಮೇಲೆಲ್ಲ ಕೂತುಬಿಟ್ಟಿತು. “ಬಾಗಿಲು ಹಾಕೇ ಮೊದಲು!” ಎಂದು ನಾನು ಕಿರುಚಿದರೆ ಅವಳು, “ಬಾಗಿಲು ಹಾಳಾಗ್ಲಿ, ನಿಂಗೆ ಮದುವೆನೇ ಆಗಿಲ್ವಂತೆ ಕಣೇ ನೀಲಾ! ನಂಗೂ ಆಗಿಲ್ವಂತೆ!” ಎಂದು ಒಲೆಯ ಮುಂದೆ ಕುಸಿದು ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮೊದಲು ತಿಳಿಯಲಿಲ್ಲ. ಸೆರಗು ಸರಿಸಿ ನೋಡಿದೆ. ನಗುತ್ತಿದ್ದಳು.

ನಮ್ಮದು ಬಟ್ಟೆ ಒಣಗಿಸುವ ಮನೆ. ವರ್ಷದ ಬಹುಪಾಲು ಮೋಡದೊಳಗೇ ಇರುವ ಊರು ಇದು. ಬಟ್ಟೆಯನ್ನು ಹೊರಗೆ ಹರವಿದರೆ ಒಗೆದಾಗ ಇದ್ದದ್ದಕ್ಕಿಂತ ಹೆಚ್ಚು ಒದ್ದೆಯಾಗಿ ವಾಪಸ್ಸು ಬರುತ್ತದೆ. ಹಾಗಾಗಿ ಮೂಡಣ ಕೇರಿಯವರೆಲ್ಲ ತಮ್ಮ ಸೀರೆ, ಪಂಚೆ, ಹೊದಿಕೆಗಳನ್ನು ನಮ್ಮಲ್ಲಿಗೆ ತರುತ್ತಾರೆ. ಇದ್ದಿಲ ಒಲೆಗಳ ನಡುವೆ ಹಗ್ಗ ಕಟ್ಟಿ ನಾನು ಒಣಗಿಸುತ್ತೇನೆ, ಅತ್ತೆ ಸಾವಂತ್ರವ್ವ ಮಡಚುತ್ತಾರೆ. ಗಂಡ ಏಕಾಂತಪ್ಪ ಊರಿನ ಒಂದೇ ಬಸ್ಸಿನ ಡ್ರೈವರು. ಮೋಡದಲ್ಲಿ ಬಸ್ಸು ಓಡಿಸುವವರಿಗೆ ಕಣ್ಣಿಗಿಂತ ಹಾರನ್ನು ಮುಖ್ಯ. ಅವನ ಹಾರನ್ನು ಊರಿಡೀ ಅಷ್ಟೊಂದು ಮಾತಾಡುತ್ತಿತ್ತು; ಅವನು ಮಾತ್ರ ಮನೆಯಲ್ಲಿ “ಊಟ?” “ಚಹಾ?” “ದೀಪ ಆರಿಸ್ಲಾ?” ಎಂಬಷ್ಟರಲ್ಲೇ ಸಂಸಾರ ತೂಗಿಸುವವನು. ಕೆಟ್ಟವನೇನಲ್ಲ. ಮದುವೆ ಇದ್ದಷ್ಟು ದಿನ ನಾನು ಅವನನ್ನು ‘ಅವರು’ ಎನ್ನುತ್ತಿದ್ದೆ. ಜುಬೇದಾ ಸುದ್ದಿ ತಂದ ಆ ಸೋಮವಾರದಿಂದ ‘ಅವನು’ ಆದ, ಹಾಗೇ ಉಳಿದ.

ನಮ್ಮೂರಲ್ಲಿ ಮದುವೆಗೆ ಸಾಕ್ಷಿ ಗಾಜುಗಪ್ಪೆ. ಮೋಡ ಇಳಿದ ಹೊತ್ತಿನಲ್ಲಿ, ನೀರಿನ ಮೇಲೆ ಬಾಗಿದ ಎಲೆಯಲ್ಲಿ ಕೂತು ಅದು ಕೂಗುವಾಗ, ಕೂಗು ಕೇಳಿಸುವಷ್ಟು ಹತ್ತಿರದಲ್ಲಿ ನಿಂತು ಇಬ್ಬರು ಕೈ ಹಿಡಿದರೆ ಮದುವೆ ಆಯಿತು. ಆಮೇಲೆ ತಾಳಿ ಕಟ್ಟುವವರು ಕಟ್ಟುತ್ತಾರೆ, ನಿಕಾಹ್ ಓದಿಸುವವರು ಓದಿಸುತ್ತಾರೆ, ಉಂಗುರ ತೊಡಿಸುವವರು ತೊಡಿಸುತ್ತಾರೆ. ಅದೆಲ್ಲ ಅವರವರ ಮನೆಯ ಸಂತೋಷ. ಕಪ್ಪೆ ಕೂಗಿರದಿದ್ದರೆ ಮಾತ್ರ ಏನು ಮಾಡಿಕೊಂಡರೂ ಊರು ಒಪ್ಪುವುದಿಲ್ಲ. ಹಿಂದೆ ಯಾರೋ ಜೀರುಂಡೆ ಕೂಗಿದ್ದನ್ನೇ ಕಪ್ಪೆ ಎಂದುಕೊಂಡು ಕೈ ಹಿಡಿದಿದ್ದರಂತೆ. ಅವರ ಮೊಮ್ಮಕ್ಕಳನ್ನೂ ಈಗಲೂ ‘ಜೀರುಂಡೆ ಮನೆಯವರು’ ಎಂದೇ ಕರೆಯುತ್ತಾರೆ.

ಇಂಥ ಕಪ್ಪೆಗೆ ಲೋಕದ ಪುಸ್ತಕಗಳಲ್ಲಿ ಒಂದು ಹೆಸರಾದರೂ ಇರಲಿ ಎಂಬ ಆಸೆಯಿಂದ ಊರವರೇ ಸೇರಿ ಡಾಕ್ಟರ್ ಮಂದಾರ ಎಂಬ ವಿಜ್ಞಾನಿಯನ್ನು ಕರೆಸಿದ್ದರು. ಗಿಡ್ಡ ಹೆಂಗಸು, ಹಣೆಗೆ ಟಾರ್ಚು ಕಟ್ಟಿಕೊಂಡು ಯಾವಾಗಲೂ ಮೊಣಕಾಲವರೆಗೆ ಒದ್ದೆ. ಅವರ ಬಟ್ಟೆಯೂ ನಮ್ಮಲ್ಲಿಗೇ ಒಣಗಲು ಬರುತ್ತಿತ್ತು, ಜೇಬಿನಲ್ಲಿ ಒಂದೊಂದು ಸಲ ಗೊದಮೊಟ್ಟೆಗಳು ಇರುತ್ತಿದ್ದವು. ಒಂದು ದಿನ ಗಾಜಿನ ಚೂರಿನ ಮೇಲೆ ಕಪ್ಪೆ ಕೂರಿಸಿ, ಅದನ್ನು ನನ್ನ ತಲೆಯ ಮೇಲೆ ಎತ್ತಿ ಹಿಡಿದು, “ಕೆಳಗಿಂದ ನೋಡಿ ನೀಲಾ” ಎಂದಿದ್ದರು. ಹೊಟ್ಟೆಯ ಚರ್ಮ ನೀರಿನಷ್ಟು ತಿಳಿ. ಒಳಗೆ ಪುಟ್ಟ ಕೆಂಪು ಹೃದಯ, ಕುಂಕುಮದ ಚುಕ್ಕಿಯಷ್ಟು, ಟಪಟಪ ಬಡಿಯುತ್ತಿತ್ತು. ಹುಟ್ಟಿದಾಗಿನಿಂದ ಕೂಗು ಕೇಳಿದ್ದೇನೆ. ಒಳಗನ್ನು ನೋಡಿದ್ದು ಅದೇ ಮೊದಲು. ಆ ದಿನವೆಲ್ಲ ಯಾರನ್ನು ನೋಡಿದರೂ ಅವರ ರವಿಕೆಯ, ಅಂಗಿಯ ಹಿಂದೆ ಏನು ಬಡಿಯುತ್ತಿದೆಯೋ ಎಂದೇ ಯೋಚಿಸಿದೆ.

ಆ ಸೋಮವಾರ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ಮಂದಾರ ಮೇಡಂ ತಮ್ಮ ಕೆಲಸದ ಫಲವನ್ನು ಊರಿಗೆ ಹೇಳಿದರಂತೆ. ಜುಬೇದಾ ಅಲ್ಲಿಂದಲೇ ಓಡಿ ಬಂದದ್ದು. “ಮೇಡಂಗೆ ಎಷ್ಟು ಖುಷಿ ಅಂತೀಯ! ‘ನಿಮ್ಮೂರಲ್ಲಿ ಇರೋದು ಒಂದು ಕಪ್ಪೆ ಅಲ್ಲ, ಎರಡು ಬೇರೆ ಬೇರೆ ಪ್ರಭೇದ’ ಅಂದ್ರು. ನಡುವೆ ಹರಿಯೋ ಹಳ್ಳ ಇದೆಯಲ್ಲ, ಅದರ ಆಚೆ ಪಡುವಣ ಕೇರಿ ಕಡೆ ಇರೋದಕ್ಕೆ ಹಸಿರು ಮೂಳೆಯಂತೆ, ಎದೆ ಮೇಲೆ ಹಾಲಿನ ಕೆನೆ ಥರ ಪೊರೆಯಂತೆ, ಎಲೆ ಮೇಲ್ಗಡೆ ಮೊಟ್ಟೆ ಇಡುತ್ತಂತೆ, ಒಂದೇ ಸಲ ಟಿಣ್ ಅನ್ನುತ್ತಂತೆ. ನಮ್ಮ ಕಡೆದಕ್ಕೆ ಬಿಳಿ ಮೂಳೆ, ಪೊರೆ ಗಿರೆ ಏನೂ ಇಲ್ಲ, ಹೃದಯ ಹಾಗೇ ಕಾಣುತ್ತೆ, ಎಲೆ ಅಡಿಗೆ ಮೊಟ್ಟೆ, ಟಿಣ್ ಟಿಣ್ ಅಂತ ಎರಡು ಸಲ ಕೂಗೋದು. ನಾವೆಲ್ಲ ಚಪ್ಪಾಳೆ ಹೊಡೆದ್ವಿ. ಆಗ ಹಿಂದೆ ಕೂತಿದ್ದ ಒಬ್ಬ ಮುದುಕ ಎದ್ದು, ‘ಹಾಗಾದ್ರೆ ಮದುವೆ ಸಾಕ್ಷಿ ಯಾವುದಮ್ಮ?’ ಅಂದ. ಅಷ್ಟೇ, ಸಭೆಗೆ ಸಭೆಯೇ ತಣ್ಣಗಾಗಿಹೋಯ್ತು.”

ಊರಿನ ಕಟ್ಟಳೆಯಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಊರು ಹುಟ್ಟಿದ್ದು ಪಡುವಣ ಕೇರಿಯಲ್ಲಿ. ಮೊದಲ ಮದುವೆಗೆ ಕೂಗಿದ್ದು ಅಲ್ಲಿಯ ಕಪ್ಪೆ. ನಮ್ಮದೂ ಅದೇ ಕಪ್ಪೆ, ಸ್ವಲ್ಪ ಬಾಯಿಬಡುಕ ಅಷ್ಟೆ ಎಂದುಕೊಂಡು ಮೂಡಣ ಕೇರಿಯವರು ತಲೆತಲಾಂತರದಿಂದ ನಮ್ಮ ದಡದಲ್ಲೇ ಕೈ ಹಿಡಿಯುತ್ತಾ ಬಂದಿದ್ದೆವು. ಈಗ ಅದು ಬೇರೆಯೇ ಜೀವಿ. ಅಂದರೆ ನಮ್ಮ ಪಾಲಿಗೆ ಜೀರುಂಡೆ. ಮಕ್ಕಳ ಗತಿಯೇನು ಎಂದು ಯಾರೋ ಕೇಳಿದ್ದಕ್ಕೆ ಅಧ್ಯಕ್ಷರು, “ಮಕ್ಕಳು ಊರಿನವು, ನಾಳೆ ಎಂದಿನ ಹಾಗೆ ಶಾಲೆಗೆ ಬರಲಿ” ಎಂದು ಮುಗಿಸಿದರಂತೆ. ನಮಗೆ ಮಕ್ಕಳಿರಲಿಲ್ಲ, ಆ ಚಿಂತೆಯೂ ಇರಲಿಲ್ಲ.

ಒಲೆಯ ಆಚೆ ಕೂತು ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಕೈಯಲ್ಲಿದ್ದ ಹೊದಿಕೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ನಿಧಾನವಾಗಿ, “ನಂದೂ ಈ ದಡದಲ್ಲೇ ಅಲ್ವಾ ಆಗಿದ್ದು?” ಎಂದರು. “ಹೌದತ್ತೆ.” “ಅಂದ್ರೆ ನಾನು ಆತನ ಹೆಂಡತಿ ಆಗಿರಲಿಲ್ಲ.” “ಕಟ್ಟಳೆ ಪ್ರಕಾರ ಇಲ್ಲ.” “ಹೆಂಡತಿ ಆಗದೇ ಇದ್ದೋಳು ವಿಧವೆ ಹೆಂಗಾಗ್ತಾಳೆ?” ಜುಬೇದಾ ನಗು ನಿಲ್ಲಿಸಿದಳು. ಅತ್ತೆ ಎದ್ದು, ಕೋಲೂರಿಕೊಂಡು ಹಿತ್ತಲಿಗೆ ಹೋಗಿ, ಮೋಡದೊಳಗೆ ಕೈಯಾಡಿಸಿ ಡೇರೆ ಹೂವೊಂದನ್ನು ಕಿತ್ತು ತಂದು ನನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿ ನಿಂತರು. ನಾನು ಅವರ ತುರುಬಿಗೆ ಸಿಕ್ಕಿಸಿದೆ. “ಒಳ್ಳೆ ಮನುಷ್ಯನೇ ಆತ,” ಎಂದರು ಅತ್ತೆ, ಗೋಡೆಯ ಕಡೆ ನೋಡುತ್ತ. “ಆತನಿಗೂ ಹೂವು ಅಂದ್ರೆ ಇಷ್ಟ ಇತ್ತು. ಹೋದಮೇಲೆ ಯಾಕೆ ತೆಗೀಬೇಕಿತ್ತೋ, ಆತನೇನೂ ಹೇಳಿ ಹೋಗಿರಲಿಲ್ಲ.” ಆಮೇಲೆ ಕನ್ನಡಿ ಕೇಳಿದರು.

ಮಧ್ಯಾಹ್ನ ಏಕಾಂತಪ್ಪ ಊಟಕ್ಕೆ ಬಂದಾಗ ಅತ್ತೆ ಹೊಸ್ತಿಲ ಮೇಲೆ ಕೋಲು ಅಡ್ಡ ಹಿಡಿದು ಕೂತಿದ್ದರು. “ಎಲ್ಲಿಗಪ್ಪ?” “ಊಟ” ಎಂದ ಅವನು. “ಮದುವೆಯಾಗದ ಹೆಂಗಸರಿಬ್ಬರು ಇರೋ ಮನೆ ಇದು. ಗಂಡಸರು ಹಿಂಗೆ ನುಗ್ಗಬಾರದು.” “ಅವ್ವಾ, ನಾನು ನಿನ್ನ ಮಗ!” “ಅದಕ್ಕೇ ಹೇಳ್ತಿರೋದು. ನಾಲ್ಕು ಜನ ನಿನ್ನ ಬಗ್ಗೆ ಆಡಿಕೊಂಡರೆ ನನಗೆ ಅವಮಾನ.” ಅವನು ಅತ್ತೆಯ ಭುಜದ ಮೇಲಿಂದ ನನ್ನತ್ತ ನೋಡಿದ. ನಾನು ಅವನಿಗೆ ತಟ್ಟೆ ಬಡಿಸಿ ಹೊರಗೆ ಕೊಡಬೇಕೆಂದಿದ್ದೆ, ಆದರೆ ಅತ್ತೆಯ ತಲೆಯ ಡೇರೆ ಹೂವಿನ ಹಿಂದೆ ಅವನ ಮುಖ ಕಂಡು ಎಷ್ಟು ನಗು ಬಂತೆಂದರೆ ಒಳಗೆ ಓಡಿಹೋಗಿ ಒದ್ದೆ ಹೊದಿಕೆಯೊಂದನ್ನು ಬಾಯಿಗೆ ತುರುಕಿಕೊಳ್ಳಬೇಕಾಯಿತು. ತಟ್ಟೆಯನ್ನು ಜುಬೇದಾ ಕೊಟ್ಟಳು.

ಇಂಥದ್ದೇ ಮಾತು ಮೂಡಣ ಕೇರಿಯ ಎಲ್ಲ ಹೊಸ್ತಿಲುಗಳಲ್ಲೂ ಆಯಿತೋ ಏನೋ, ಸಂಜೆ ಹೊತ್ತಿಗೆ ಹಾಸಿಗೆ ಸುತ್ತಿಕೊಂಡ ಗಂಡಸರು ಒಬ್ಬೊಬ್ಬರಾಗಿ ಬಂದು ನಮ್ಮ ಮನೆಯೆದುರು ನಿಂತಿದ್ದ ಬಸ್ಸು ಹತ್ತತೊಡಗಿದರು. ಅಧ್ಯಕ್ಷರಿಗೆ ಮುಂದಿನ ಸೀಟು ಕೊಟ್ಟರು. ಜುಬೇದಾಳ ಗಂಡ ಸ್ಟವ್ವು ತಂದಿದ್ದ. ಮೊದಲ ದಿನ ಅನ್ನ ಸೀದ ವಾಸನೆ ಬೀದಿಗೆಲ್ಲ ಬಂತು, ವಾರದೊಳಗೆ ಒಗ್ಗರಣೆಯ ವಾಸನೆ ಎಷ್ಟು ಚೆನ್ನಾಗಿ ಬರತೊಡಗಿತೆಂದರೆ ಹೆಂಗಸರು ಪಾತ್ರೆ ಹಿಡಿದು ಹೋಗಿ “ಸ್ವಲ್ಪ ಸಾರು ಇದೆಯಾ?” ಎಂದು ಕೇಳುವಂತಾಯಿತು. ಬಸ್ಸು ಹಗಲು ಓಡುತ್ತಿತ್ತು, ಸಂಜೆ ಸಂಸಾರ ಹೂಡುತ್ತಿತ್ತು. ಕಿಟಕಿಯ ಸರಳಿಗೆ ಲುಂಗಿಗಳನ್ನು ಒಣಹಾಕಿ, ಅವು ಒಣಗದೆ, ತಲೆತಗ್ಗಿಸಿಕೊಂಡು ನನ್ನ ಬಳಿಗೇ ತರುತ್ತಿದ್ದರು. ಇತ್ತ ಮನೆಗಳಲ್ಲಿ ಹೆಂಗಸರು ಹಾಸಿಗೆಯ ನಟ್ಟನಡುವೆ ಮಲಗುವುದನ್ನು ಕಲಿತರು. ಹಣ್ಣಿನಂಗಡಿಯ ದಂಪತಿ ಇದೇ ಒಳ್ಳೆ ಸಮಯವೆಂದು ನಗುನಗುತ್ತಲೇ ಬೇರೆಯಾಗಿ ಎರಡು ಅಂಗಡಿ ಇಟ್ಟರು. ಈಗ ಬಾಳೆಹಣ್ಣು ಅವಳಲ್ಲಿ, ಕಿತ್ತಳೆ ಅವನಲ್ಲಿ.

ಗಾಬರಿಯಾದದ್ದು ಮಂದಾರ ಮೇಡಂಗೆ ಮಾತ್ರ. ನಮ್ಮ ಒಲೆಯ ಮುಂದೆ ಕಾಲು ಚಾಚಿ ಕೂತು, “ನಾನು ಕಪ್ಪೆ ಬಗ್ಗೆ ಅಷ್ಟೇ ಹೇಳಿದ್ದು ನೀಲಾ, ದೇವರಾಣೆ” ಎಂದರು. ಅಧ್ಯಕ್ಷರು ಅವರನ್ನು ದಾರಿಯಲ್ಲಿ ನಿಲ್ಲಿಸಿ, ಎರಡನ್ನೂ ಒಂದೇ ಎಂದು ಬರೆದುಬಿಡಲು ಆಗುತ್ತದೆಯೇ, ಊರಿನ ಶಾಂತಿಗೋಸ್ಕರ, ಎಂದು ಕೇಳಿದ್ದರಂತೆ. “ಏನಂದ್ರಿ?” ಎಂದೆ. “ಮೂಳೆ ಬಿಳಿ ಇದೆ ಸಾರ್, ನಾನೇನು ಮಾಡ್ಲಿ ಅಂದೆ. ಪಾಪ, ತುಂಬ ಹೊತ್ತು ಯೋಚನೆ ಮಾಡಿ, ‘ಬಣ್ಣ ಹಚ್ಚಕ್ಕಾಗಲ್ವಾ’ ಅಂದ್ರು.” ಇಬ್ಬರೂ ನಕ್ಕು ನಕ್ಕು ಸಾಕಾದೆವು. ಆಮೇಲೆ ಅವರು ಮೆತ್ತಗೆ ಕೇಳಿದರು, “ನಿಮಗೆ ಬೇಜಾರಾಗಿದೆಯಾ ನನ್ನ ಮೇಲೆ?” ನಾನು ಯೋಚಿಸಿ ನೋಡಿದೆ. ಬೇಜಾರೇ ಇರಲಿಲ್ಲ. ಮೈ ಹಗುರಾಗಿತ್ತು. ಒಣಗಿದ ಸೀರೆಯನ್ನು ಕೊಡವಿದಾಗ ಅದು ಗಾಳಿ ತುಂಬಿಕೊಂಡು ಮೇಲೇಳುತ್ತದಲ್ಲ, ಹಾಗೆ.

ಮತ್ತೆ ಮದುವೆಯಾಗಬೇಕೆನ್ನುವವರೆಲ್ಲ ಹಳ್ಳ ದಾಟಿ ಪಡುವಣ ದಡದಲ್ಲಿ ಕೈ ಹಿಡಿದು ಬಂದರೆ ಆಯಿತು ಎಂದು ಪುರಸಭೆ ಸಾರಿತು. ಮರುದಿನವೇ ಏಕಾಂತಪ್ಪ ಕಿಟಕಿಯ ಹೊರಗೆ ಬಂದು ನಿಂತ. “ಗುರುವಾರ ಮೋಡ ಚೆನ್ನಾಗಿರುತ್ತಂತೆ. ಹೋಗಿ ಮುಗಿಸಿಕೊಂಡು ಬರೋಣ” ಎಂದ. “ಏನು ಮುಗಿಸೋದು?” “ಅದೇ.” “ಅದೇ ಅಂದ್ರೆ?” ಮೋಡದಲ್ಲಿ ಅವನ ಕೆಮ್ಮು ಕೇಳಿಸಿತು. “ಎಲ್ಲಾರೂ ಹೋಗ್ತಿದಾರೆ” ಎಂದ. “ಎಲ್ಲಾರೂ ಹೋಗಲಿ” ಎಂದು ಕಿಟಕಿ ಹಾಕಿಕೊಂಡೆ. ಹಾಕಿಕೊಂಡ ಮೇಲೆ ನನ್ನ ಧೈರ್ಯಕ್ಕೆ ನಾನೇ ಬೆರಗಾಗಿ, ಒಲೆಗೆ ಇದ್ದಿಲು ಹಾಕುವ ಬದಲು ಸಾಬೂನು ಹಾಕಿಬಿಟ್ಟೆ. ಆ ದಿನ ಒಣಗಿದ ಬಟ್ಟೆಗೆಲ್ಲ ವಿಚಿತ್ರ ವಾಸನೆ. ಗುರುವಾರ ಹಳ್ಳದ ಕಡೆ ಯಾರೂ ಹೋಗಲಿಲ್ಲ, ಕೇರಿಯ ಬೇರೆ ಕಿಟಕಿಗಳೂ ಮುಚ್ಚಿಕೊಂಡಿದ್ದವಂತೆ.

ಅದೇ ವಾರ ಕೊಡೆ ಅಂಗಡಿಯ ದಿವಾಕರ ಬಂದ. ಪಡುವಣ ಕೇರಿಯವನು, ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು, ತಿದ್ದಿದ ಮೀಸೆ, ಮೆಲುದನಿ. ಅಂಗಳದಲ್ಲಿ ನಿಂತು ಹಳದಿ ಕೊಡೆಯೊಂದನ್ನು ಬಿಚ್ಚಿದ. ಮೋಡದ ನಡುವೆ ಅದು ದೊಡ್ಡ ಹೂವಿನ ಹಾಗೆ ಅರಳಿತು. “ಈ ಬಣ್ಣ ಮೋಡದಲ್ಲೂ ದೂರಕ್ಕೆ ಕಾಣುತ್ತೆ. ನಿಮಗೇ ಅಂತ ಮಾಡಿದ್ದು,” ಎಂದ. “ನಾನು ಸುತ್ತಿ ಬಳಸಿ ಮಾತಾಡಲ್ಲ. ಈಗ ಯಾರು ಬೇಕಾದರೂ ಕೇಳಬಹುದು ಅಂತ ಧೈರ್ಯ ಮಾಡಿದೀನಿ. ನೀವು ಬಟ್ಟೆ ಹಿಂಡುವಾಗ ಹಾಡ್ತೀರಲ್ಲ, ಅದನ್ನು ಕೇಳೋಕೆ ಅಂತಲೇ ಒಣಗಿದ ಬಟ್ಟೇನೂ ಒದ್ದೆ ಮಾಡಿಕೊಂಡು ತಂದಿದೀನಿ ಎಷ್ಟೋ ಸಲ. ನಿಮಗೆ ನನ್ನ ಜೊತೆ ಇರೋಕೆ ಇಷ್ಟವಾ?” ಅತ್ತೆ ಮಡಚುವುದನ್ನು ನಿಲ್ಲಿಸಿದರು. ನನ್ನ ಕಿವಿ ಬಿಸಿಯಾಯಿತು. ಜೀವಮಾನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಕೇಳಿದ್ದರು, ಅದೂ ಪೂರ್ತಿ ವಾಕ್ಯದಲ್ಲಿ. “ಯೋಚನೆ ಮಾಡ್ತೀನಿ” ಎಂದೆ. ಅವನು ಕೊಡೆಯನ್ನು ನನ್ನ ಕೈಗಿತ್ತು, ತಾನು ನೆನೆಯುತ್ತಲೇ ಹೋದ. “ಕೊಡೆ ಗಟ್ಟಿ ಇದೆ” ಎಂದರು ಅತ್ತೆ. ಅಷ್ಟೇ ಹೇಳಿದರು. ಹಳದಿ ಕೊಡೆಯ ಕಥೆ ಕತ್ತಲಾಗುವುದರೊಳಗೆ ಬಸ್ಸಿಗೂ ತಲುಪಿತು.

ಮಂದಾರ ಮೇಡಂ ಕಪ್ಪೆಗಳು ಯಾವ ಎಲ್ಲೆಯವರೆಗೆ ಇವೆ ಎಂದು ಹಳ್ಳದ ಎರಡೂ ದಡಗಳನ್ನು ಇನ್ನೂ ಅಳೆಯುತ್ತಿದ್ದರು. ಅವರನ್ನು ಕೂರಿಸಿಕೊಂಡು ಅಲೆಯುತ್ತಿದ್ದುದು ಏಕಾಂತಪ್ಪನ ಬಸ್ಸೇ. ಕಪ್ಪೆ ಯಾವುದೆಂದು ಗುರುತಿಸುವುದು ಹೇಗೆ ಎಂದು ಅವನು ಕೇಳಿದ್ದಕ್ಕೆ ಅವರು ದಾರಿಯುದ್ದಕ್ಕೂ ಹೇಳಿಕೊಟ್ಟರಂತೆ: ಒಂದೊಂದೇ ಪ್ರಶ್ನೆ, ಪ್ರತಿಯೊಂದಕ್ಕೂ ಎರಡೇ ಉತ್ತರ. ಮೂಳೆ ಹಸಿರೋ ಬಿಳಿಯೋ? ಹಸಿರಾದರೆ ಈ ದಾರಿ, ಬಿಳಿಯಾದರೆ ಆ ದಾರಿ. ಮುಂದಿನ ಕವಲಿನಲ್ಲಿ ಇನ್ನೊಂದು ಪ್ರಶ್ನೆ. ಆತುರ ಪಡದೆ ಕೇಳುತ್ತ ಹೋದರೆ ಕೊನೆಗೆ ಎದುರಿಗಿರುವುದು ಯಾರೆಂದು ತಾನೇ ತಿಳಿಯುತ್ತದೆ. ಇದನ್ನೆಲ್ಲ ಮೇಡಂ ನನಗೆ ಆಮೇಲೆ ಹೇಳಿದರು. ಅದರ ಪರಿಣಾಮ ನನಗೆ ಕಂಡದ್ದು ಒಂದು ಸಂಜೆ ಕಿಟಕಿಯಾಚೆಯಿಂದ ಅವನ ದನಿ ಬಂದಾಗ. “ನೀಲಾ, ಬಸ್ಸಲ್ಲಿ ನಿಂಗೆ ಕಿಟಕಿ ಪಕ್ಕದ ಸೀಟು ಇಷ್ಟಾನೋ, ಒಳಗಡೇದೋ?”

ಮೋಡ ದಟ್ಟವಾಗಿತ್ತು. ಅವನ ಮುಖ ನನಗಾಗಲಿ ನನ್ನ ಮುಖ ಅವನಿಗಾಗಲಿ ಕಾಣುತ್ತಿರಲಿಲ್ಲ. “ಡ್ರೈವರ್ ಸೀಟು” ಎಂದೆ. “ಅದು ನಂದು” ಎಂದ. “ಗೊತ್ತು. ಆದ್ರೂ ಅದೇ ಇಷ್ಟ. ಹಾರನ್ ಹೊಡೀಬೇಕು ಅಂತ ಆಸೆ.” ಮರುದಿನ ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಅವನು ಬಾಗಿಲು ತೆರೆದು ಕೆಳಗೆ ನಿಂತಿದ್ದ. ನಾನು ಹತ್ತಿ ಕೂತು ಹಾರನ್ನು ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ಒಳಗೆ ಮಲಗಿದ್ದ ಗಂಡಂದಿರೆಲ್ಲ ಬೆಟ್ಟ ಜರಿಯಿತೆಂದು ಕಿಟಕಿಯಿಂದ ಹಾರಿದರು. ಏಕಾಂತಪ್ಪ ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಅವನ ಬಾಯಲ್ಲಿ ಒಂದು ದವಡೆ ಹಲ್ಲು ಇರಲಿಲ್ಲ. ಯಾವಾಗ ಬಿದ್ದಿತ್ತೋ!

ಅಲ್ಲಿಂದ ಪ್ರತಿ ಸಂಜೆ ಬಂದ. “ನಾನು ಗೊರಕೆ ಹೊಡೀತೀನಾ, ಇಲ್ವಾ? ಬಸ್ಸಲ್ಲಿ ಎಲ್ಲಾರೂ ಬೈತಾರೆ.” “ಹೊಡೀತೀಯ. ಗೇರ್ ಬದಲಾಯಿಸಿದ ಹಾಗೆ.” “ನಿಂಗೆ ಮೋಡ ಇಷ್ಟಾನೋ, ಬಿಸಿಲೋ?” “ಬಿಸಿಲು. ಆದರೆ ಬಿಸಿಲು ಬಂದ್ರೆ ನಮ್ಮ ಒಲೆಗೆ ಕೆಲಸ ಇರಲ್ಲ.” ನಾನೂ ತಿರುಗಿ ಕೇಳತೊಡಗಿದೆ. ಮೋಡದಲ್ಲಿ ಬಸ್ಸು ಓಡಿಸುವಾಗ ಹೆದರಿಕೆಯಾಗುತ್ತದೋ ಇಲ್ಲವೋ ಎಂದದ್ದಕ್ಕೆ, “ದಿನಾ ಆಗುತ್ತೆ. ಮನೆಗೆ ಬಂದಾಗ ಮಾತಾಡೋಕೆ ಉಸಿರೇ ಇರ್ತಿರಲಿಲ್ಲ” ಎಂದ. ಆಮೇಲೆ ಒಂದು ಸಂಜೆ ಅವನು ಗಂಟಲು ಸರಿಮಾಡಿಕೊಂಡು ಕೇಳಿದ, “ನಾವು ಕೈ ಹಿಡಿದ ದಿನ ಹಳ್ಳದ ದಡದಲ್ಲಿ ನೀನು ಅತ್ತಿದ್ದೆಯಲ್ಲ. ನನ್ನ ಮುಖ ನೋಡಿ ಅತ್ತಿದ್ದೋ, ತೌರು ಬಿಟ್ಟದ್ದಕ್ಕೋ?” “ಎರಡೂ ಅಲ್ಲ” ಎಂದೆ. “ಅಪ್ಪನ ಕೇಳಿದ್ರು, ದೊಡ್ಡಪ್ಪನ ಕೇಳಿದ್ರು, ಕಪ್ಪೆ ಕೂಗುತ್ತೋ ಇಲ್ವೋ ಅಂತ ಕಿವಿಗೊಟ್ಟು ನಿಂತ್ರು. ನನ್ನ ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ.” ಅವನು ಹೋದ ಸದ್ದೂ ಆಗಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಬರೀ ಮೋಡ.

ಮರುಸಂಜೆ ಅವನು ಬರಲಿಲ್ಲ. ಅದರ ಮರುಸಂಜೆಯೂ ಇಲ್ಲ. ದಿವಾಕರನಿಗೆ ಉತ್ತರ ಕೊಡದೆ ಬಹಳ ದಿನವಾಗಿತ್ತು, ಕಾಯಿಸುವುದು ಸರಿಯಲ್ಲ ಎನಿಸಿ ಹಳದಿ ಕೊಡೆ ಹಿಡಿದು ಅವನ ಅಂಗಡಿಗೆ ಹೋದೆ. ದಾರಿಯಲ್ಲೂ ಯಾವ ಉತ್ತರ ಎಂದು ನನಗೇ ನಿಶ್ಚಯವಿರಲಿಲ್ಲ. ಅವನು ಸ್ಟೂಲು ಒರೆಸಿ ಹಾಕಿದ, ಬಿಸಿ ಚಹಾ ತರಿಸಿದ, ನನ್ನ ಕಾಲು ನೆನೆದಿದೆಯೆಂದು ಕೆಂಡದ ಕುಂಡವನ್ನು ಹತ್ತಿರಕ್ಕೆ ಸರಿಸಿದ. ಎಷ್ಟು ಚೆನ್ನಾಗಿ ನೋಡಿಕೊಳ್ಳುವವನು! ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಕೈಯಲ್ಲಿದ್ದ ಚಹಾ ತುಳುಕಿ ಸೀರೆಯ ಮೇಲೆ ಚೆಲ್ಲಿತು. ದಿವಾಕರ ಆ ಕಲೆಯನ್ನು ನೋಡಿದ, ನನ್ನನ್ನು ನೋಡಿದ. “ಗೊತ್ತಾಯ್ತು ಬಿಡಿ,” ಎಂದು ನಕ್ಕ, ಪೂರ್ತಿ ನಗುವಲ್ಲ. “ಕೊಡೆ ಇಟ್ಟುಕೊಳ್ಳಿ. ಬಟ್ಟೆ ಮಾತ್ರ ಒಣಗಿಸಿ ಕೊಡ್ತಾ ಇರಿ.” “ನೀವು ಕೇಳಿದ್ದು ನಂಗೆ ತುಂಬ ಸಂತೋಷ ಆಯ್ತು,” ಎಂದೆ. ನಿಜವನ್ನೇ ಹೇಳಿದೆ.

ಮನೆಗೆ ಬಂದರೆ ಅಂಗಳದಲ್ಲಿ ಏಕಾಂತಪ್ಪ. ಕಿಟಕಿಯ ಹಿಂದೆ ಅಡಗಿಕೊಳ್ಳದೆ ಎದುರಿಗೇ ನಿಂತಿದ್ದ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಅಧ್ಯಕ್ಷರ ಒಣಗಿದ ಪಂಚೆ ಉಟ್ಟುಕೊಂಡು. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಅವನು ನನ್ನ ಕೈಯಲ್ಲಿದ್ದ ಹಳದಿ ಕೊಡೆಯನ್ನು ನೋಡಿ ಪಂಚೆಯ ಅಂಚು ಸರಿಮಾಡಿಕೊಂಡ. “ಎರಡು ದಿನ ಅಭ್ಯಾಸ ಮಾಡಿದೆ,” ಎಂದ. “ಇವರೆಲ್ಲ ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಟ್ಟರು. ಎಲ್ಲಾ ಮರೆತುಹೋಗಿದೆ. ನೀಲಾ, ನನ್ನ ಜೊತೆ ಬರ್ತೀಯೋ, ಬರಲ್ವೋ? ಬರಲ್ಲ ಅಂದ್ರೂ ಸಂಜೆ ಬಂದು ಮಾತಾಡಿಸಬಹುದೋ, ಬೇಡವೋ?” ಎರಡನೆಯ ಪ್ರಶ್ನೆ ಕೇಳಿದ್ದಕ್ಕೇ ನನಗೆ ಕಣ್ಣು ತುಂಬಿತು. “ನಿನ್ನ ಜೊತೆ ನಾನು ಬರಲ್ಲ,” ಎಂದೆ. ಬಸ್ಸಿನಿಂದ ಒಟ್ಟಿಗೆ ಒಂದು ನಿಟ್ಟುಸಿರು. “ನನ್ನ ಜೊತೆ ನೀನು ಬಾ.” ಬಸ್ಸಿನಲ್ಲಿ ಯಾರೋ ಸ್ಟವ್ವನ್ನು ಕಾಲಲ್ಲಿ ಒದ್ದು ಬೀಳಿಸಿಕೊಂಡು ಕುಣಿದರು. ಆ ಸಂಜೆಯ ಸಾರೆಲ್ಲ ನೆಲದ ಪಾಲಾಯಿತು.

ಒಪ್ಪಿಗೆಯಾದ ಜೋಡಿಗಳೆಲ್ಲ ಒಟ್ಟಿಗೆ ಪಡುವಣ ದಡಕ್ಕೆ ಹೊರಟ ದಿನ, ಊರಿನ ನೆನಪಿನಲ್ಲೇ ಇಲ್ಲದಂಥ ಬಿಸಿಲು ಬಂತು! ಮೋಡ ಒಂದು ಚೂರೂ ಇಲ್ಲ. ಬೀದಿಗಳು ಇಷ್ಟು ಉದ್ದವಿವೆ, ಮನೆಗಳಿಗೆ ಇಂಥ ಬಣ್ಣಗಳಿವೆ ಎಂದು ಜನ ಬೆರಗಾಗಿ ನಿಂತರು. ಮೋಡವಿಲ್ಲದೆ ಕಪ್ಪೆ ಕೂಗುವುದಿಲ್ಲ. ಹಳ್ಳದ ದಡದಲ್ಲಿ ರೇಷ್ಮೆ ಸೀರೆಯುಟ್ಟ ಹೆಂಗಸರು, ಬಾಸಿಂಗ ಕಟ್ಟಿದ ನರೆಗೂದಲ ಗಂಡಸರು ಎಲೆಗಳ ಕಡೆ ಬಗ್ಗಿ, “ಕೂಗಪ್ಪಾ, ಒಂದೇ ಒಂದು ಸಲ” ಎಂದು ಗೋಗರೆದರು. ಆಗ ಜುಬೇದಾ ಬೆಟ್ಟದ ತುದಿಗೆ ಕೈ ತೋರಿದಳು. ಅಲ್ಲಿ, ಹಳ್ಳ ಹುಟ್ಟುವ ಕಡೆ, ಮೋಡವೆಲ್ಲ ಒಂದು ಮುದ್ದೆಯಾಗಿ ಕೂತಿತ್ತು. “ಹತ್ತಿ ಬಸ್ಸು!” ಎಂದು ಏಕಾಂತಪ್ಪ ಕೂಗಿದ. ಅವನು ಅಷ್ಟು ಜೋರಾಗಿ ಕೂಗಬಲ್ಲನೆಂದು ಅವನ ತಾಯಿಗೂ ಗೊತ್ತಿರಲಿಲ್ಲ.

ಹತ್ತಿದೆವು. ಸೀಟಿಗೆ ಮೂರು ಮೂರು ಜನ, ಟಾಪಿನ ಮೇಲೆ ಅಡುಗೆಯ ಪಾತ್ರೆಗಳು, ಡೋಲು ವಾಲಗದವರು, ಅತ್ತೆ, ಮಂದಾರ ಮೇಡಂ, ಯಾರೋ ಕರೆದರೆಂದು ದಿವಾಕರನೂ. ಕೊನೆಯ ತಿರುವಿನಲ್ಲಿ ಬಸ್ಸು ಏದುಸಿರು ಬಿಟ್ಟು ನಿಂತುಬಿಟ್ಟಿತು. ಮೋಡ ಕೈಗೆಟುಕುವಷ್ಟು ಹತ್ತಿರದಲ್ಲಿ ಮೆಲ್ಲಗೆ ಮೇಲೆ ಸರಿಯುತ್ತಿತ್ತು. “ಓಡಿ!” ಎಂದರು ಅಧ್ಯಕ್ಷರು. ಸೀರೆ ಎತ್ತಿ ಕಟ್ಟಿ, ಪಂಚೆ ಎತ್ತಿ ಕಟ್ಟಿ, ವಾಲಗದವರು ಊದುತ್ತಲೇ, ಪಾಯಸದ ಕೊಳಗ ಹೊತ್ತವರು ಚೆಲ್ಲುತ್ತಲೇ, ಇಡೀ ಕೇರಿ ಒಂದು ಮೋಡದ ಹಿಂದೆ ಓಡಿತು. ಅತ್ತೆಯನ್ನು ದಿವಾಕರ ಬೆನ್ನ ಮೇಲೆ ಹೊತ್ತಿದ್ದ. ಅವರು ಕೋಲಿನಿಂದ ದಾರಿ ತೋರಿಸುತ್ತಿದ್ದರು. ಮೋಡದೊಳಗೆ ನುಗ್ಗಿದ್ದೇ ತಡ, ಯಾರಿಗೂ ಯಾರೂ ಕಾಣದಾದರು. ಎಲ್ಲೆಲ್ಲೂ ಏದುಸಿರು, ನಗು, ಬಳೆಯ ಸದ್ದು. “ಶ್!” ಎಂದರು ಮೇಡಂ. ಎಲ್ಲರೂ ಉಸಿರು ಹಿಡಿದೆವು. ನೀರು ಜಿನುಗುವ ಸದ್ದು. ಒಂದು ಕೈ ಬಂದು ನನ್ನ ಮೊಣಕೈ ಮುಟ್ಟಿತು. “ಹಿಡೀಲೋ, ಬೇಡವೋ?” ಎಂದಿತು ಏಕಾಂತಪ್ಪನ ದನಿ. ನಾನೇ ಹಿಡಿದೆ.

ಅದೇ ಗಳಿಗೆಗೆ, ತಲೆಯ ಮೇಲಿನ ಎಲೆಯಿಂದ, ಕಪ್ಪೆ ಕೂಗಿತು. ಟಿಣ್. ಟಿಣ್. ಟಿಣ್.

ಒಂದಲ್ಲ. ಎರಡೂ ಅಲ್ಲ. “ಮೇಡಂ,” ಎಂದರು ಅಧ್ಯಕ್ಷರು, “ಇದು ಯಾವುದು? ನಮ್ಮದೋ, ಅವರದೋ?” ಟಾರ್ಚು ಹೊತ್ತಿತು. ಎಲೆಯ ಕೆಳಗೆ ಮಂದಾರ ಮೇಡಂ ಮುಖವೆತ್ತಿ ನಿಂತಿದ್ದರು, ಕಣ್ಣಲ್ಲಿ ನೀರು, ಬಾಯಿ ಕಿವಿಯವರೆಗೆ. “ನಂಗೊತ್ತಿಲ್ಲ!” ಎಂದು ಕೂಗಿದರು. “ಮೂಳೆ ನೀಲಿ ಇದೆ! ನೀಲಿ! ಇಂಥದ್ದನ್ನು ನಾನು ಎಲ್ಲೂ ನೋಡೇ ಇಲ್ಲ! ಇದು ಯಾವುದು ಅಂತ ಹೇಳೋಕೆ ನಂಗೆ ಇನ್ನೂ ವರ್ಷಗಳೇ ಬೇಕು!” ಮೊದಲು ನಕ್ಕದ್ದು ಜುಬೇದಾಳ ಗಂಡ, ನಂತರ ಅಧ್ಯಕ್ಷರು, ನಂತರ ಎಲ್ಲರೂ. ಹೊಟ್ಟೆ ಹಿಡಿದುಕೊಂಡು ಒದ್ದೆ ಹುಲ್ಲಿನ ಮೇಲೆ ಕೂತು ನಕ್ಕೆವು. ಟಾರ್ಚಿನ ಬೆಳಕಲ್ಲಿ ಅತ್ತೆ ದಿವಾಕರನ ಕೈ ಹಿಡಿದು ನಿಂತದ್ದು ಎಲ್ಲರಿಗೂ ಕಂಡಿತು. “ಜಾರ್ತಾ ಇತ್ತು, ಹಿಡಿದೆ!” ಎಂದು ಅತ್ತೆ ಕೈ ಕೊಡವಿದರು. “ಇದು ಯಾವ ಕಪ್ಪೆ ಅಂತ ಮೇಡಂ ಹೇಳೋವರೆಗೂ ನೀನು ನನ್ನ ಕಡೆ ನೋಡಬೇಡ” ಎಂದು ಅವನಿಗೆ ಎಚ್ಚರಿಸಿದರು. “ಆಗಲಮ್ಮ” ಎಂದ ಅವನು ಕೈಮುಗಿದು.

ಇಳಿಯುವಾಗ ಏಕಾಂತಪ್ಪ, “ಈಗ ನಾನು ಮನೆಗೋ, ಬಸ್ಸಿಗೋ?” ಎಂದ. “ಮೇಡಂ ಕಪ್ಪೆ ನೋಡ್ಕೊಳ್ಳಲಿ,” ಎಂದೆ. “ನೀನು ಮನೆಗೆ ಬಾ.” ಅವನು ನನ್ನ ಹಿಂದೆ ಹೊಸ್ತಿಲು ದಾಟಿದ್ದನ್ನು ಕಂಡು ಅತ್ತೆ ಕೋಲೆತ್ತಿದರು, ಇಳಿಸಿದರು. “ಹಾಗಾದ್ರೆ ನಾನಿಲ್ಲಿರೋದು ಸರಿಯಲ್ಲ,” ಎಂದು ತಮ್ಮ ಹಾಸಿಗೆ ಸುತ್ತಿ ಹೊರಟರು. ತಡೆದರೂ ಕೇಳಲಿಲ್ಲ. ಬೆಳಿಗ್ಗೆ ಏಕಾಂತಪ್ಪ ಬಸ್ಸಿನ ಬಾಗಿಲು ತೆರೆದರೆ ಕೇರಿಯ ಮುದುಕಿಯರೆಲ್ಲ ಒಳಗಿದ್ದರು, ತಲೆತುಂಬ ಹೂವು ಮುಡಿದು, ಕಿಟಕಿ ಪಕ್ಕದ ಸೀಟುಗಳನ್ನೆಲ್ಲ ಹಿಡಿದುಕೊಂಡು. ಕಂಡಕ್ಟರ್ ಚೀಲ ಅತ್ತೆಯ ಹೆಗಲಲ್ಲಿತ್ತು. “ಹೊರಡು” ಎಂದರು. “ಎಲ್ಲಿಗವ್ವಾ?” “ಒಂದು ಸಲ ಕೂಗೋದು ಕೇಳಾಯ್ತು, ಎರಡು ಸಲದ್ದು ಕೇಳಾಯ್ತು, ಮೂರು ಸಲದ್ದೂ ಆಯ್ತು. ನಾಲ್ಕು ಸಲ ಕೂಗೋದು ಎಲ್ಲೋ ಇದ್ದೇ ಇರುತ್ತೆ. ನಡಿ.” ನಾನು ಒಲೆಯ ಮೇಲೆ ನೀರು ಚೆಲ್ಲಿ, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಓಡಿ ಹೋಗಿ ಹತ್ತಿದೆ. ಬಸ್ಸು ಮೋಡದೊಳಗೆ ಹೊಕ್ಕಿತು. ಅತ್ತೆ ತುಟಿಗೆ ಬೆರಳಿಟ್ಟರು. ಹಾರನ್ನು ಸುಮ್ಮನಾಯಿತು, ಮುದುಕಿಯರೆಲ್ಲ ಕಿಟಕಿಗೆ ಕಿವಿ ಹಚ್ಚಿ ಕೂತರು. ಸ್ವಲ್ಪ ದೂರ ಹೋಗಿರಬೇಕು, ಹೊರಗೆ ಎಲ್ಲೋ ಬಲಗಡೆ ಏನೋ ಸದ್ದಾಯಿತು.

“ನಿಲ್ಸೋ!” ಎಂದು ಬಸ್ಸಿಗೆ ಬಸ್ಸೇ ಕೂಗಿತು.